ಸೈಬರ್ ಸೆಂಟರ್ ಕಂಪ್ಯೂಟರ್‌ನಲ್ಲಿ ಹಿಂದಿನವರ ಲಾಗಿನ್ ಉಳಿಯದಂತೆ ಮಾಡೋದು ಹೇಗೆ?

ಪ್ರಶ್ನೆ (ಹಾಸನ):
ಒಂದೇ ಕಂಪ್ಯೂಟರ್‌ನಲ್ಲಿ ಗಿರಾಕಿಗಳ ಅರ್ಜಿ ಹಾಕ್ತೀವಿ. ಕ್ರೋಮ್ ಮುಚ್ಚಿ ತೆರೆದರೂ ಕೆಲವು ಸೈಟಲ್ಲಿ ಹಿಂದಿನವರ ಖಾತೆ ಹಾಗೇ ಇರುತ್ತೆ. ಕುಕೀ ಪೂರ್ತಿ ಅಳಿಸಿದರೆ ಅಂಗಡಿಯ ಲಾಗಿನ್ನೂ ಹೋಗುತ್ತೆ. ಏನು ದಾರಿ?

ಮಲ್ನಾಡ್_ಟೆಕ್:
ಕುಕೀ ಅಂದ್ರೆ ನಿಮ್ಮನ್ನು ಗುರುತು ಹಿಡಿಯೋಕೆ ಸೈಟು ಬ್ರೌಸರ್‌ನಲ್ಲಿ ಇಡೋ ಚಿಕ್ಕ ಮಾಹಿತಿ. ಅದರಲ್ಲಿ ಎರಡು ಬಗೆ. ಸೆಷನ್ ಕುಕೀ ಬ್ರೌಸರ್ ಮುಚ್ಚಿದಾಗ ಹೋಗಬೇಕು; ಆದರೆ 'ನಿಲ್ಲಿಸಿದಲ್ಲಿಂದ ಮುಂದುವರಿಸು' ಆಯ್ಕೆ ಆನ್ ಇದ್ದರೆ ಕ್ರೋಮ್ ಅದನ್ನೂ ವಾಪಸ್ ತರುತ್ತೆ. ಮೊದಲು ಆ ಆಯ್ಕೆ ಆಫ್ ಮಾಡಿ. ಇನ್ನೊಂದು ಬಗೆ ಬ್ರೌಸರ್ ಮುಚ್ಚಿದರೂ ತನ್ನ ಅವಧಿ ಮುಗಿಯೋವರೆಗೆ ಉಳಿಯುತ್ತೆ, ಕ್ರೋಮ್‌ನಲ್ಲಿ ಗರಿಷ್ಠ 400 ದಿನ.

ನಿಮಗೆ ಸರಿಹೊಂದೋದು ಗೆಸ್ಟ್ ಮೋಡ್. ಮೇಲೆ ಬಲಗಡೆ ಪ್ರೊಫೈಲ್ ಚಿತ್ರ ಒತ್ತಿ, ಗೆಸ್ಟ್ ತೆರೆಯಿರಿ. ಗೆಸ್ಟ್ ಕಿಟಕಿಗಳನ್ನೆಲ್ಲ ಮುಚ್ಚಿದರೆ ಕುಕೀ, ಹಿಸ್ಟರಿ ಎರಡೂ ಖಾಲಿ. ಅಂಗಡಿಯ ಪ್ರೊಫೈಲ್‌ಗೆ ಏನೂ ಆಗಲ್ಲ.

ಕಡೂರು_ನೆಟ್:
ಇನ್‌ಕಾಗ್ನಿಟೋ (ಹಿಸ್ಟರಿ ಉಳಿಸದ ಖಾಸಗಿ ಕಿಟಕಿ) ಸಾಕಲ್ವಾ ಅಂತ ಕೇಳೋರಿಗೆ: ಒಂದೇ ಪ್ರೊಫೈಲಿನ ಇನ್‌ಕಾಗ್ನಿಟೋ ಕಿಟಕಿಗಳೆಲ್ಲ ಕುಕೀ ಹಂಚಿಕೊಳ್ತವೆ. ಮೂಲೆಯಲ್ಲಿ ಒಂದು ತೆರೆದೇ ಇದ್ದರೆ ಏನೂ ಅಳಿಯಲ್ಲ. ಗೆಸ್ಟ್‌ಗೂ ಇದೇ ಎಚ್ಚರ. ಡೌನ್‌ಲೋಡ್ ಆದ ಆಧಾರ್ ಪಿಡಿಎಫ್ ಮಾತ್ರ ಎರಡರಲ್ಲೂ ಫೋಲ್ಡರ್‌ನಲ್ಲೇ ಉಳಿಯುತ್ತೆ, ಕೈಯಾರೆ ಅಳಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.

ಮಲ್ನಾಡ್_ಟೆಕ್:
ಹೌದು. ಜೊತೆಗೆ, ಗಿರಾಕಿ ಲಾಗ್‌ಔಟ್ ಒತ್ತಲೇಬೇಕು. ಕುಕೀ ಅಳಿಸಿದರೆ ಈ ಕಂಪ್ಯೂಟರಿನ ಬೀಗದ ಕೈ ಹೋಯ್ತು ಅಷ್ಟೇ, ಸೈಟಿನ ಸರ್ವರ್‌ನಲ್ಲಿ ಸೆಷನ್ (ಲಾಗಿನ್ ಆಗಿರೋ ಸ್ಥಿತಿ) ಇನ್ನೂ ಜೀವಂತ ಇರಬಹುದು.

ಬೇಲೂರು_ರಸ್ತೆ:
ಥರ್ಡ್ ಪಾರ್ಟಿ ಕುಕೀ (ನೀವು ತೆರೆದ ಸೈಟಲ್ಲದೆ ಬೇರೆ ಸೈಟು ಇಡೋ ಕುಕೀ) ಬ್ಲಾಕ್ ಮಾಡೋದು ಜಾಹೀರಾತು ಬೆನ್ನಟ್ಟೋದನ್ನು ಕಡಿಮೆ ಮಾಡೋಕೆ. ಈ ಸಮಸ್ಯೆಗೆ ಅದು ಮದ್ದಲ್ಲ, ಲಾಗಿನ್ ಕುಕೀ ಇಡೋದು ಆ ಸೈಟೇ.