ಓಕ್ ಸೋಕದ ಬಿಳಿ ವೈನ್: ಎಲ್ಲಿಡೋದು, ಎಷ್ಟು ತಣ್ಣಗೆ ಕುಡಿಯೋದು?

ಹಸಿರುದ್ರಾಕ್ಷಿ:
ಸೊವಿನ್ಯೋ ಬ್ಲಾಂಕ್ ನಾಲ್ಕು ಬಾಟಲಿ (ತಿರುಪು ಮುಚ್ಚಳ), ಶಾಬ್ಲಿ ಎರಡು (ಕಾರ್ಕ್) ಇವೆ. ವೈನ್ ಫ್ರಿಜ್ ಇಲ್ಲ. ಅಡುಗೆಮನೆ ಕಪಾಟಲ್ಲಿ ಇಡಬಹುದಾ, ಇಲ್ಲ ಮಾಮೂಲಿ ಫ್ರಿಜ್ಜೇ ವಾಸಿಯಾ? ಇನ್ನೊಂದು: ‘ಓಕ್ ಇಲ್ಲ’ (ಅಂದ್ರೆ ಓಕ್ ಮರದ ಪೀಪಾಯಿಯಲ್ಲಿ ಇಟ್ಟಿಲ್ಲ) ಅಂತ ಬರೆದಿರೋ ಶಾರ್ಡನೆ ಅನ್ನೋ ಬಿಳಿ ವೈನಲ್ಲಿ ಬೆಣ್ಣೆ ವಾಸನೆ ಇದೆ. ಲೇಬಲ್ ಸುಳ್ಳಾ?

ಖಾಲಿಪೀಪಾಯಿ:
ಲೇಬಲ್ ಸುಳ್ಳಾಗಬೇಕಿಲ್ಲ. ಬೆಣ್ಣೆ ವಾಸನೆಗೆ ಕಾರಣ ಓಕ್ ಅಲ್ಲ, ಮ್ಯಾಲೋಲ್ಯಾಕ್ಟಿಕ್ ಹುದುಗುವಿಕೆ. ಬ್ಯಾಕ್ಟೀರಿಯಾ ಮ್ಯಾಲಿಕ್ ಆಮ್ಲವನ್ನು ಮೆದುವಾದ ಲ್ಯಾಕ್ಟಿಕ್ ಆಮ್ಲ ಮಾಡುವಾಗ ಡೈಅಸಿಟೈಲ್ ಅನ್ನೋ ಬೆಣ್ಣೆ ವಾಸನೆಯ ವಸ್ತು ಹುಟ್ಟುತ್ತೆ. ಸ್ಟೀಲ್ ಟ್ಯಾಂಕಲ್ಲೂ ಇದು ಆಗುತ್ತೆ. ಓಕ್‌ನಿಂದ ಬರೋದು ವೆನಿಲ್ಲಾ, ಲವಂಗ, ಕೊಬ್ಬರಿ, ಸುಟ್ಟ ಬ್ರೆಡ್ಡಿನ ಪರಿಮಳ. ಇವು ಯಾವುದೂ ಇಲ್ಲದೆ ಬರೀ ಬೆಣ್ಣೆ ಇದ್ದರೆ ಲೇಬಲ್ ನಂಬಬಹುದು.

ತಂಪುಕೋಣೆ:
ಅಡುಗೆಮನೆ ಬೇಡವೇ ಬೇಡ, ಅದರಲ್ಲೂ ಒಲೆ ಮೇಲಿನ ಕಪಾಟು. ಬೇಕಾಗಿರೋದು 10ರಿಂದ 15 ಡಿಗ್ರಿ. ಅಷ್ಟು ಸಿಗದಿದ್ದರೆ ಕನಿಷ್ಠ ಏರಿಳಿತ ಇಲ್ಲದ ಜಾಗ. ಬಿಸಿ ಆದಾಗ ವೈನ್ ಹಿಗ್ಗಿ ಕಾರ್ಕನ್ನು ತಳ್ಳುತ್ತೆ, ತಣ್ಣಗಾದಾಗ ಗಾಳಿ ಎಳ್ಕೊಳುತ್ತೆ. ಕಾರ್ಕ್ ಬಾಯಿಂದ ಮೇಲೆದ್ದಿದ್ದರೆ, ಕತ್ತಿನ ಸುತ್ತ ಅಂಟು ಕಲೆ ಕಂಡರೆ ಅದು ಬಿಸಿ ತಿಂದ ಬಾಟಲಿ.

ಬೆಳಕನ್ನು ಜನ ಲೆಕ್ಕಕ್ಕೇ ಇಡಲ್ಲ. ಬಣ್ಣವಿಲ್ಲದ ಗಾಜಿನ ಬಾಟಲಿಯ ಬಿಳಿ ವೈನ್ ಬಿಸಿಲಲ್ಲಿದ್ದರೆ ಬೇಯಿಸಿದ ಎಲೆಕೋಸಿನ ನಾತ ಹಿಡಿಯುತ್ತೆ. ಪೇಪರ್ ಸುತ್ತಿ ರಟ್ಟಿನ ಡಬ್ಬದಲ್ಲಿಡಿ.

ಮಾಮೂಲಿ ಫ್ರಿಜ್ಜಲ್ಲಿ ಒಂದೆರಡು ತಿಂಗಳು ತೊಂದರೆ ಇಲ್ಲ. ಅದಕ್ಕಿಂತ ಹೆಚ್ಚಾದರೆ ಒಣಗಾಳಿಗೆ ಕಾರ್ಕ್ ಕುಗ್ಗಬಹುದು, ಹಾಗಾಗಿ ವೈನ್ ಕಾರ್ಕಿಗೆ ತಾಗಿರೋ ಹಾಗೆ ಶಾಬ್ಲಿ ಮಲಗಿಸಿ. ತಿರುಪು ಮುಚ್ಚಳದ್ದು ನಿಂತೇ ಇರಲಿ. ಸೊವಿನ್ಯೋ ಬ್ಲಾಂಕ್ ಕೂಡಿಡೋ ವೈನ್ ಅಲ್ಲ. ಕೊಯ್ಲಿನ ವರ್ಷದಿಂದ ಎರಡು ವರ್ಷದೊಳಗೆ ಮುಗಿಸಿ. ಒಳ್ಳೆ ಶಾಬ್ಲಿ ಇನ್ನೂ ಕೆಲವು ವರ್ಷ ತಡೆಯುತ್ತೆ.

ಹಸಿರುದ್ರಾಕ್ಷಿ:
ಥ್ಯಾಂಕ್ಸ್. ಹಾಗಾದ್ರೆ ಫ್ರಿಜ್ಜಿಂದ ತೆಗೆದು ನೇರ ಗ್ಲಾಸಿಗೆ ಹಾಕ್ಬಹುದಾ? ತೆರೆದ ಬಾಟಲಿ ಎಷ್ಟು ದಿನ ಇರುತ್ತೆ?

ಖಾಲಿಪೀಪಾಯಿ:
ಫ್ರಿಜ್ಜಿನ 4 ಡಿಗ್ರಿಯಲ್ಲಿ ಹುಳಿ ಬಿಟ್ಟು ಬೇರೇನೂ ಗೊತ್ತಾಗಲ್ಲ. ಹೊರಗೆ 15–20 ನಿಮಿಷ ಬಿಡಿ. ಸೊವಿನ್ಯೋಗೆ 8 ಡಿಗ್ರಿ, ಶಾಬ್ಲಿಗೆ 10ರ ಆಸುಪಾಸು. ಕೋಣೆ ಬಿಸಿಯಿದ್ದರೆ ಅಷ್ಟು ಹೊತ್ತೂ ಬೇಡ. ಗ್ಲಾಸ್ ಮೂರನೇ ಒಂದು ಭಾಗ ಮಾತ್ರ ತುಂಬಿಸಿ. ಅರ್ಜೆಂಟಿದ್ದರೆ ಬಕೆಟ್ಟಿಗೆ ಅರ್ಧ ನೀರು, ಅರ್ಧ ಐಸ್, ಒಂದು ಹಿಡಿ ಉಪ್ಪು. ಬಾಟಲಿ ಕತ್ತಿನವರೆಗೂ ಮುಳುಗಿರಲಿ. ನೀರಿಲ್ಲದ ಬರೀ ಐಸ್ ಬಾಟಲಿಗೆ ಸರಿಯಾಗಿ ತಾಗಲ್ಲ. ಫ್ರೀಜರ್‌ನಲ್ಲಿಟ್ಟು ಮರೆತರೆ ಕಾರ್ಕ್ ಹೊರಗೆ ಬಂದಿರುತ್ತೆ.

ತೆರೆದದ್ದು ಮುಚ್ಚಿ ಫ್ರಿಜ್ಜಲ್ಲಿಟ್ಟರೆ ಮೂರು ದಿನ ಚೆನ್ನಾಗಿರುತ್ತೆ, ಐದಕ್ಕೆ ಸಪ್ಪೆ. ಅರ್ಧ ಉಳಿಯುತ್ತೆ ಅಂತ ಮೊದಲೇ ಗೊತ್ತಿದ್ದರೆ, ತೆರೆದ ಕೂಡಲೇ 375 ಮಿ.ಲೀ. ಬಾಟಲಿಗೆ ಬಾಯಿವರೆಗೆ ತುಂಬಿಸಿಡಿ.

ತಂಪುಕೋಣೆ:
ಫ್ರಿಜ್ಜಲ್ಲಿದ್ದ ಬಾಟಲಿಯ ತಳದಲ್ಲಿ ಗಾಜಿನ ಚೂರಿನಂಥ ಹರಳು ಕಂಡರೆ ಚೆಲ್ಲಬೇಡಿ. ಅದು ಟಾರ್ಟ್ರೇಟ್, ವೈನಿನದೇ ಆಮ್ಲದ ಲವಣ, ಚಳಿಗೆ ಹರಳುಗಟ್ಟುತ್ತೆ. ರುಚಿಗೂ ಆರೋಗ್ಯಕ್ಕೂ ಏನೂ ಆಗಲ್ಲ. ಬಾಟಲಿ ಅಲುಗಿಸದೆ ಬಗ್ಗಿಸಿ, ಕೊನೇ ಗುಟುಕು ಅದರಲ್ಲೇ ಬಿಡಿ.