ಅಪ್‌ಡೇಟ್: ಉಪ್ಪಿನಕಾಯಿ ಅಂಗಡಿಯ ವೆಬ್‌ಸೈಟ್‌ಗೆ ಕೊನೆಗೆ ಎಷ್ಟಾಯಿತು?

ಸಾಗರದ ನಮ್ಮ ಅಪ್ಪೆಮಿಡಿ ಉಪ್ಪಿನಕಾಯಿಗೆ ವೆಬ್‌ಸೈಟ್ ಮಾಡಲು ಒಬ್ಬರು 60,000 ಕೇಳಿದ್ದಾರೆ, ಜಾಸ್ತಿ ಅಲ್ವಾ ಎಂದು ಹೋದ ತಿಂಗಳು ಕೇಳಿದ್ದೆ. ನೀವು ಹೇಳಿದಂತೆ ಕೊಟೇಶನ್ ಬಿಡಿಸಿ ಕೊಡಿ ಎಂದೆ. ಶೇ 18 ಜಿಎಸ್‌ಟಿ ಬೇರೆಯಂತೆ. ಅಲ್ಲಿಗೆ 70,800. ಡೊಮೇನ್ (ವೆಬ್‌ಸೈಟ್‌ನ ವಿಳಾಸ) ಕೂಡ ಅವರ ಹೆಸರಿನಲ್ಲೇ ಇರುತ್ತದಂತೆ! ಕೈಮುಗಿದು ಎದ್ದು ಬಂದೆ.

ಊರಿನ ಹುಡುಗನೊಬ್ಬ ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್, ಅದಕ್ಕೆ ಅಂಗಡಿ ಸೇರಿಸುವ ವೂಕಾಮರ್ಸ್ ಬಳಸಿ ಮಾಡಿಕೊಟ್ಟ. ಅವೆರಡೂ ಪುಕ್ಕಟೆ, ಅವನ ಕೆಲಸಕ್ಕೆ 18,000. ಡೊಮೇನ್ ನನ್ನ ಹೆಸರಿನಲ್ಲೇ ತಗೊಂಡೆ. ಹೋಸ್ಟಿಂಗ್‌ನಲ್ಲಿ (ಸೈಟ್ ಇಡುವ ಸರ್ವರ್‌ನ ಬಾಡಿಗೆ) ಮಾತ್ರ ಹುಷಾರು. ಮೊದಲ ವರ್ಷ ಅಗ್ಗ, ಆಮೇಲಿನ ದರ ಸಣ್ಣ ಅಕ್ಷರದಲ್ಲಿತ್ತು, ಹೆಚ್ಚುಕಮ್ಮಿ ಮೂರು ಪಟ್ಟು! ಹಾಗಾಗಿ 3 ವರ್ಷದ್ದು ಒಟ್ಟಿಗೇ ಕಟ್ಟಿದೆ. ಗಿರಾಕಿಯ ದುಡ್ಡನ್ನು ಆನ್‌ಲೈನ್‌ನಲ್ಲಿ ಪಡೆದು ನಮಗೆ ಕೊಡುವ ಪೇಮೆಂಟ್ ಗೇಟ್‌ವೇಗೆ ಶೇ 2, ಆ ಕಮಿಷನ್ ಮೇಲೆ ಮತ್ತೆ ಜಿಎಸ್‌ಟಿ. 400 ರೂಪಾಯಿ ಬಾಟಲಿಗೆ 9.44 ಹೋಗುತ್ತದೆ.

ಫೋಟೋಗ್ರಾಫರ್‌ಗೆ ಕೊಡಲು ದುಡ್ಡು ಉಳಿದಿರಲಿಲ್ಲ. ಜಗಲಿ ಮೇಲೆ ಅಪ್ಪನ ಬಿಳಿ ಪಂಚೆ ಹಾಸಿ, ಜಾಡಿ ಇಟ್ಟು, ಬೆಳಗಿನ ಬಿಸಿಲಲ್ಲಿ ಮೊಬೈಲ್‌ನಲ್ಲೇ ತೆಗೆದೆ. ಫೋಟೋ ಚೆನ್ನಾಗಿ ಬಂತು. ಉಪ್ಪಿನಕಾಯಿ ರಸ ಸೋರಿ ಪಂಚೆ ಹಾಳಾಯಿತು, ಅಪ್ಪ ಇನ್ನೂ ಬೈಯುತ್ತಿದ್ದಾರೆ.

ಇದುವರೆಗೆ 11 ಆರ್ಡರ್ ಬಂದಿವೆ. ಅದರಲ್ಲಿ 4 ನಮ್ಮ ನೆಂಟರದ್ದೇ.