ತ್ರೀಡಿ ಕನ್ನಡಕ, ವಿಆರ್ ಸೆಟ್: ಮಳೆಗಾಲದಲ್ಲಿ ಹೇಗೆ ಕ್ಲೀನಾಗಿ ಇಡೋದು?

ತಾಳಗುಪ್ಪದವ:
ನಮಸ್ಕಾರ. ತಾಳಗುಪ್ಪದಿಂದ ಜೋಗಕ್ಕೆ ಹೋಗುವ ರಸ್ತೆಯಲ್ಲಿ ನಂದೊಂದು ಸಣ್ಣ ಶೋ ಇದೆ. ಕುರ್ಚಿ ಅಲ್ಲಾಡುವ ತ್ರೀಡಿ, 12 ಸೀಟು. ಪಕ್ಕದಲ್ಲಿ ಎರಡು ವಿಆರ್ ಸೆಟ್, ತಲೆಗೆ ಬಿಗಿದು ಕಣ್ಣ ಮುಂದೆಯೇ ಸ್ಕ್ರೀನ್ ನೋಡುವಂಥದ್ದು. ಬೇಸಿಗೆಯಲ್ಲಿ ಎಲ್ಲಾ ಕಟ್ಟಿಕೊಂಡು ಜಾತ್ರೆಗಳಿಗೆ ಹೋಗುತ್ತೇವೆ, ಮಳೆ ಹಿಡಿದ ಮೇಲೆ ಇಲ್ಲೇ. ಜೋಗ ತುಂಬಿ ಬಿದ್ದರೆ ಶನಿವಾರ, ಭಾನುವಾರ ಊಟಕ್ಕೂ ಪುರುಸೊತ್ತಿಲ್ಲ.

ತಲೆನೋವು ಕನ್ನಡಕದ್ದು. ಒಂದು ಶೋ ಬಿಟ್ಟು ಇನ್ನೊಂದಕ್ಕೆ ಜನ ಕೂರುವಷ್ಟರಲ್ಲಿ ಹುಡುಗ ಹನ್ನೆರಡನ್ನೂ ಟಿಶ್ಯೂನಲ್ಲಿ ಒರೆಸಬೇಕು. ಸ್ಯಾನಿಟೈಸರ್ ಹೊಡೆದರೆ ಮಂಜು ಕಟ್ಟಿದ ಹಾಗೆ ಮಸುಕಾಗುತ್ತದೆ. ವಿಆರ್ ಸೆಟ್ಟಲ್ಲಿ ಮುಖಕ್ಕೆ ಒತ್ತುವ ಸ್ಪಂಜು ಸಂಜೆ ಹೊತ್ತಿಗೆ ಬೆವರಲ್ಲಿ ತೊಯ್ದಿರುತ್ತದೆ, ಬೆಳಗ್ಗೆ ನೋಡಿದರೆ ಬೂಷ್ಟಿನ ವಾಸನೆ. ಮೊನ್ನೆ ಒಬ್ಬರು ಅಮ್ಮ ಮಗನ ಕೈಯಿಂದ ಕನ್ನಡಕ ಕಸಿದು ನನ್ನ ಮುಂದೆ ಹಿಡಿದರು. ಮೂಗಿನ ಸಂದಿಯಲ್ಲಿ ಯಾರದೋ ಪೌಡರು, ಕುಂಕುಮ. ಎಂತ ಹೇಳೋದು?

ಯುವಿ ಪೆಟ್ಟಿಗೆ, ಅಂದರೆ ಅತಿನೇರಳೆ ಬೆಳಕಲ್ಲಿ ರೋಗಾಣು ಕೊಲ್ಲುವ ಪೆಟ್ಟಿಗೆ ಮಾರುವವರು ಬಂದಿದ್ದರು. ಒಳಗಿಟ್ಟು ಸ್ವಿಚ್ ಹಾಕಿದರೆ ಆಯ್ತಂತೆ. ತಗೊಳ್ಳಲಾ?

ಭದ್ರಾವತಿ ಮೊಬೈಲ್:
ಸ್ಪಿರಿಟ್ ಹಾಕಿ ಒರೆಸಿ ಅಣ್ಣ. ನಮ್ಮ ಅಂಗಡಿಯಲ್ಲಿ ಎಲ್ಲದಕ್ಕೂ ಅದೇ. ಕ್ಷಣದಲ್ಲಿ ಒಣಗುತ್ತೆ.

ತೀರ್ಥಹಳ್ಳಿ ಕನ್ನಡಕದಂಗಡಿ:
ಸ್ಪಿರಿಟ್ ಬೇಡ ಮಾರಾಯ್ರೆ. ತ್ರೀಡಿ ಕನ್ನಡಕದಲ್ಲಿ ಇರೋದು ಗಾಜಲ್ಲ, ಪ್ಲಾಸ್ಟಿಕ್. ಅಕ್ರಿಲಿಕ್ ಆಗಿದ್ದರೆ ಸ್ಪಿರಿಟ್ ಬಿದ್ದೂ ಬಿದ್ದೂ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಮಂಜು ಕಟ್ಟುತ್ತೆ ಅಂದಿರಲ್ಲ, ಕೈಗೆ ಹಾಕುವ ಸ್ಯಾನಿಟೈಸರಿನಲ್ಲಿ ಚರ್ಮ ಒಣಗದಿರಲಿ ಅಂತ ಗ್ಲಿಸರಿನ್ ಹಾಕಿರುತ್ತಾರೆ. ಸ್ಪಿರಿಟ್ ಹಾರಿ ಹೋಗುತ್ತದೆ, ಗ್ಲಿಸರಿನ್ ಅಲ್ಲೇ ಕೂರುತ್ತದೆ. ಟಿಶ್ಯೂ ಅದನ್ನು ಆ ಕಡೆಯಿಂದ ಈ ಕಡೆಗೆ ಸವರುತ್ತದೆ ಅಷ್ಟೆ.

ಒಣ ಬಟ್ಟೆ, ಒಣ ಟಿಶ್ಯೂ ಮೊದಲು ಬಿಡಿಸಿ. ಜಾತ್ರೆ ಬಯಲಿನ ಧೂಳಲ್ಲಿ ಸಣ್ಣ ಮರಳಿರುತ್ತದೆ, ಒತ್ತಿ ಉಜ್ಜಿದರೆ ಗೀರು ಗ್ಯಾರಂಟಿ. ನನ್ನ ಅಂಗಡಿಗೆ ಗೀರು ಬಿದ್ದು ಬರುವ ಕನ್ನಡಕಗಳಲ್ಲಿ ಮುಕ್ಕಾಲು ಪಾಲು ಪಂಚೆ ಅಂಚು, ಸೆರಗಿನ ಕೆಲಸ. ಹೇಳಿದರೆ ಯಾರೂ ಒಪ್ಪಲ್ಲ, ಲೆನ್ಸೇ ಸರಿಯಿಲ್ಲ ಅಂತಾರೆ!

ನಲ್ಲಿ ನೀರಲ್ಲಿ ಮೊದಲು ಧೂಳು ಹೋಗಲಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ, ಬೆರಳಲ್ಲೇ ಉಜ್ಜಿ. ಮೂಗಿನ ಸಂದು, ಕಡ್ಡಿ ಮಡಚುವ ಜಾಗ, ಕಿವಿ ಹಿಂದೆ ಬಾಗಿರುವ ತುದಿ: ಕೊಳೆ ಇರೋದು ಅಲ್ಲಿ. ಜನ ಒರೆಸೋದು ಮಾತ್ರ ಲೆನ್ಸನ್ನು. ಕುದಿನೀರು ಬೇಡ, ಬಕೆಟ್ಟಲ್ಲಿ ನೆನೆಹಾಕಿ ಇಡೋದೂ ಬೇಡ. ಆ ಲೆನ್ಸು ಪದರ ಪದರವಾಗಿ ಅಂಟಿಸಿದ್ದು, ನಡುವೆ ಒಂದೊಂದು ಕಣ್ಣಿಗೆ ಬೇರೆ ಬೇರೆ ಚಿತ್ರ ಸೋಸಿ ಕೊಡುವ ಪೋಲರೈಸರ್ ಹಾಳೆ ಇರುತ್ತದೆ, ಅದಕ್ಕೆ ನೀರು ಆಗಿಬರಲ್ಲ. ಅಂಚಿಂದ ನೀರು ಹೊಕ್ಕರೆ ಪದರ ಎದ್ದು ಪರದೆ ಮೇಲಿನ ಬೊಂಬೆ ಎರಡೆರಡಾಗಿ ಕಾಣುತ್ತದೆ.

ವಿಆರ್ ಸೆಟ್ಟಿನ ಸ್ಪಂಜು ಕಿತ್ತಿಡಿ. ಸಿಲಿಕೋನ್ ಕವರ್ ಹಾಕಿದರೆ ಒದ್ದೆ ಬಟ್ಟೆಯಲ್ಲಿ ಒರೆಸಬಹುದು, ಬೆವರು ಕುಡಿಯಲ್ಲ. ಅದರ ಮೇಲೆ ಪ್ರತಿಯೊಬ್ಬರಿಗೂ ಹೊಸದೊಂದು ತೆಳು ಮಾಸ್ಕ್, ಕಣ್ಣಿನ ಜಾಗದಲ್ಲಿ ತೂತು ಇರುವಂಥದ್ದು, ಬಳಸಿ ಬಿಸಾಡೋದು. ಒಳಗಿನ ಲೆನ್ಸಿಗೆ ನೀರೂ ಬೇಡ, ಮೊದಲು ಧೂಳು ಊದಿ, ಮೈಕ್ರೋಫೈಬರ್ ಬಟ್ಟೆ ಮೆತ್ತಗೆ ಆಡಿಸಿ. ಇನ್ನೊಂದು ಮಾತು. ಮಳೆ ನಡುವೆ ಒಂದು ತಾಸು ಬಿಸಿಲು ಬಿದ್ದರೆ ಹಪ್ಪಳದ ಜೊತೆ ವಿಆರ್ ಸೆಟ್ಟನ್ನೂ ಅಂಗಳಕ್ಕೆ ಇಡೋಣ ಅನ್ಸುತ್ತೆ. ಇಡಬೇಡಿ. ಆ ಲೆನ್ಸು ಭೂತಗನ್ನಡಿಯೇ, ಬಿಸಿಲನ್ನು ಒಂದೇ ಕಡೆ ಕೂಡಿಸಿ ಒಳಗಿನ ಸ್ಕ್ರೀನ್ ಸುಡುತ್ತದೆ. ಕವರ್ ಬಿಚ್ಚಿ ಅದೊಂದನ್ನೇ ಒಣಗಿಸಿ.

ಯುವಿ ಬೆಳಕು ಬಿದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ. ಪೌಡರಿನ ಅಡಿಗೆ, ಕಡ್ಡಿಯ ಮರೆಗೆ ಬೀಳಲ್ಲ. ಬಹಳ ದಿನ ಹೊಡೆದರೆ ಪ್ಲಾಸ್ಟಿಕ್ ಹಳದಿಯಾಗುತ್ತದೆ, ಬಾಗಿಲು ಸರಿ ಮುಚ್ಚದಿದ್ದರೆ ಹುಡುಗನ ಕಣ್ಣಿಗೂ ಕೆಟ್ಟದ್ದು. ತೊಳೆದ ಮೇಲೆ ಇಡೋದಾದರೆ ಇರಲಿ. ತೊಳೆಯೋ ಬದಲಿಗೆ ಅಂತಾದರೆ ದುಡ್ಡು ದಂಡ.

ಸಾಗರದ ನರ್ಸ್:
2023ರ ಮಳೆಗಾಲ ನೆನಪಿದೆಯಲ್ಲ? ಜುಲೈ, ಆಗಸ್ಟಲ್ಲಿ ರಾಜ್ಯದಲ್ಲೆಲ್ಲ ಕಣ್ಣು ಬೇನೆ, ಮದ್ರಾಸ್ ಐ. ಇದನ್ನು ಹೆಚ್ಚಾಗಿ ತರೋದು ಅಡೆನೊವೈರಸ್. ಅದು ಒಣಗಿದ ಪ್ಲಾಸ್ಟಿಕ್ ಮೇಲೆ ವಾರಗಟ್ಟಲೆ ಬದುಕಬಲ್ಲದು, ಸ್ಪಿರಿಟ್ಟಿಗೂ ಅಷ್ಟು ಸುಲಭಕ್ಕೆ ಸಾಯಲ್ಲ. ಅದಕ್ಕೇ ಸೋಪು ಹಾಕಿ ಉಜ್ಜಿ ತೊಳೆಯೋದು ಮುಖ್ಯ. ಕೌಂಟರ್, ಕುರ್ಚಿ ಕೈ, ಕನ್ನಡಕ ಹಾಕುವ ಬುಟ್ಟಿಗೆ ಬ್ಲೀಚ್ ನೀರು ಆಗುತ್ತದೆ. 5 ಪರ್ಸೆಂಟಿನ ಬ್ಲೀಚ್ 20 ಎಂಎಲ್, ನೀರು ಸೇರಿ ಒಟ್ಟು ಒಂದು ಲೀಟರ್. ಅವತ್ತಿಂದು ಅವತ್ತೇ ಕಲಸಿ. ಟಾಯ್ಲೆಟ್ ಕ್ಲೀನರ್ ಜೊತೆ ಸೇರಿಸಲೇಬೇಡಿ, ವಿಷದ ಗ್ಯಾಸ್ ಏಳುತ್ತದೆ.

ಕಣ್ಣು ಬೇನೆ ಇರೋರನ್ನು ನೋಡಿದರೆ ಬರುತ್ತೆ ಅನ್ನೋದು ಸುಳ್ಳು. ಕೈಯಿಂದ ಬರೋದು. ಬಳಸಿದ್ದನ್ನು ಎತ್ತಿಕೊಂಡ ಕೈಯಲ್ಲೇ ನಿಮ್ಮ ಹುಡುಗ ತೊಳೆದದ್ದನ್ನು ಹಂಚಿದರೆ ತೊಳೆದೂ ಪ್ರಯೋಜನ ಇಲ್ಲ. ಬಳಸಿದ್ದು ಒಂದು ಬುಟ್ಟಿಗೆ, ಅವರೇ ಹಾಕಿ ಹೋಗಲಿ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿದ್ದರೆ ಟಿಕೆಟ್ ದುಡ್ಡು ವಾಪಸ್ ಕೊಟ್ಟು ಕಳಿಸಿ, ಮುಲಾಜು ಬೇಡ.

ಹೇನಿನ ಬಗ್ಗೆಯೂ ಅಮ್ಮಂದಿರು ಕೇಳುತ್ತಾರೆ. ತಲೆ ಬಿಟ್ಟ ಹೇನು ಒಂದೆರಡು ದಿನಕ್ಕಿಂತ ಜಾಸ್ತಿ ಬದುಕಲ್ಲ. ಅದು ಹರಡೋದು ತಲೆಗೆ ತಲೆ ತಾಗಿ. ಆದರೂ ವಿಆರ್ ಸೆಟ್ಟಿನ ಪಟ್ಟಿ ಒರೆಸಿ.

ತಾಳಗುಪ್ಪದವ:
ಇಬ್ಬರಿಗೂ ಥ್ಯಾಂಕ್ಸ್. ಎಲ್ಲಾ ಸರಿ, ಆದರೆ ಎರಡು ಶೋ ನಡುವೆ ನನಗೆ ಸಿಗೋದು ಐದೇ ನಿಮಿಷ. ಅಷ್ಟರಲ್ಲಿ ತೊಳೆದು ಒಣಗಿಸೋದು ಹೇಗೆ? ಇಲ್ಲಿ ಆಷಾಢದಲ್ಲಿ ಉಟ್ಟ ಬಟ್ಟೆಯೇ ಒಣಗಲ್ಲ.

ಹೊಸನಗರ, ಈಗ ಬೆಂಗಳೂರು:
ದೊಡ್ಡ ಪಾರ್ಕುಗಳಲ್ಲೂ ಇದೇ ಗೋಳು. ತ್ರೀಡಿ ಕನ್ನಡಕ ತೊಳೆಯಲು ಹೋಟೆಲಿನ ಪ್ಲೇಟ್ ತೊಳೆಯುವ ಮಿಷನ್ ತರದ್ದೇ ಇರುತ್ತದೆ, ರ‍್ಯಾಕಿನಲ್ಲಿ ಜೋಡಿಸಿ ತಳ್ಳುತ್ತಾರೆ. ಅದು ಅಂಥ ತೊಳೆತಕ್ಕೇ ಮಾಡಿದ ಗಟ್ಟಿ ಕನ್ನಡಕ, ನಿಮ್ಮದನ್ನು ಹಾಗೆ ಹಾಕಬೇಡಿ. ವಿಆರ್ ಕಷ್ಟ ಇನ್ನೂ ಜಾಸ್ತಿ. ಇಂಗ್ಲೆಂಡಿನ ಆಲ್ಟನ್ ಟವರ್ಸ್ ಪಾರ್ಕು 2016ರಲ್ಲಿ ಗ್ಯಾಲಕ್ಟಿಕ ಅನ್ನೋ ರೋಲರ್ ಕೋಸ್ಟರಿಗೆ ವಿಆರ್ ಸೇರಿಸಿತು. ಕೆಲವೇ ವರ್ಷಕ್ಕೆ ವಿಆರ್ ತೆಗೆದು ಬರೀ ಕೋಸ್ಟರ್ ಉಳಿಸಿಕೊಂಡರು. ಪ್ರತಿಯೊಬ್ಬರಿಗೂ ತೊಡಿಸಿ, ಬಿಗಿದು, ಬಿಚ್ಚಿ, ಒರೆಸುತ್ತ ಕೂತರೆ ಕ್ಯೂ ಕರಗೋದು ಯಾವಾಗ?

ತೀರ್ಥಹಳ್ಳಿ ಕನ್ನಡಕದಂಗಡಿ:
ಅದಕ್ಕೇ ಹೇಳೋದು, ಹುಡುಗನ ಕೈ ಜೋರು ಮಾಡಬೇಡಿ, ಕನ್ನಡಕ ಜಾಸ್ತಿ ಮಾಡಿ. ಹನ್ನೆರಡು ಜನರ ಮುಖದ ಮೇಲೆ, ಹನ್ನೆರಡು ಸಿಂಕಲ್ಲಿ, ಉಳಿದದ್ದು ಒಣಗುವ ಜಾಗದಲ್ಲಿ. ಯುವಿ ಪೆಟ್ಟಿಗೆ ದುಡ್ಡನ್ನು ಇದಕ್ಕೆ ಹಾಕಿ. ಸ್ಟೀಲಿನ ತಟ್ಟೆ ಸ್ಟ್ಯಾಂಡಲ್ಲಿ ನಿಲ್ಲಿಸಿ ಟೇಬಲ್ ಫ್ಯಾನ್ ಬಿಟ್ಟರೆ ಬೇಗ ಆರುತ್ತದೆ. ಒಲೆ ಮೇಲಿನ ಅಟ್ಟಕ್ಕೆ ಮಾತ್ರ ಹಾಕಬೇಡಿ, ಹೊಗೆ ಹಿಡಿಯುತ್ತದೆ. ರಾತ್ರಿ ವಿಆರ್ ಸೆಟ್ಟು ಮುಚ್ಚಳ ಬಿಗಿ ಇರುವ ಡಬ್ಬದಲ್ಲಿ, ಜೊತೆಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ. ಆಗುಂಬೆ ಕಡೆಯಿಂದ ನನ್ನ ಹತ್ರ ಬರುವ ದುರ್ಬೀನುಗಳ ಲೆನ್ಸೊಳಗೆ ಬೂಷ್ಟು ಬಲೆ ನೇಯ್ದಿರುತ್ತೆ, ಒಮ್ಮೆ ಹಿಡಿದರೆ ಪೂರ್ತಿ ಬಿಡಿಸೋದು ಬಹಳ ಕಷ್ಟ.

ತಾಳಗುಪ್ಪದವ:
ಇದು ತಲೆಗೆ ಹೋಯ್ತು. ಇನ್ನೆರಡು ಡಜನ್ ತರಿಸುತ್ತೇನೆ, ಪೆಟ್ಟಿಗೆಯವರಿಗೆ ಬೇಡ ಅಂತೀನಿ. ಸಿಲಿಕೋನ್ ಕವರ್ ಶಿವಮೊಗ್ಗದಲ್ಲಿ ಸಿಗುತ್ತಾ?

ಭದ್ರಾವತಿ ಮೊಬೈಲ್:
ನಾನೇ ತರಿಸಿ ಕೊಡ್ತೀನಿ ಅಣ್ಣ. ಸೆಟ್ಟಿನ ಮಾಡೆಲ್ ನಂಬರ್ ಹಾಕಿ, ಒಂದೊಂದಕ್ಕೂ ಅಳತೆ ಬೇರೆ. ಸ್ಪಿರಿಟ್ ವಿಷಯ ಬಿಟ್ಟೆ.